ಗಿರಣಿಯವನ ಕಿರ್ದಿ

(ನಮ್ಮ ಓದುಗರ ಬಳಗದ ಭಾನುವಾರದ ಕೂಟದಲ್ಲಿ ಆಡಿದ ಮಾತು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಡೈರಿಯ ಬಗ್ಗೆ ಮಾತಾಡುತ್ತೇನೆ ಅಂದಾಗ ನಮ್ಮ ಗೆಳೆಯರೊಬ್ಬರು “ಹಾಲಿನ ಡೈರಿಯಾ?” ಅಂತ ಕೇಳಿದರು. ಅಲ್ಲ ಸ್ವಾಮಿ. ಆದರೆ ನಾನು ಹೇಳಹೊರಟ ಮನುಷ್ಯನಲ್ಲಿ ಹಾಲಿನ ಲೆಕ್ಕ ಬರೆಯುವವರ ಶಿಸ್ತು ಇತ್ತು. ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು ಎಂದು ಬರೆಯುತ್ತಾ ಹೋದವರು ಅರವತ್ತು ವರ್ಷಕ್ಕೂ ಮೇಲ್ಪಟ್ಟು ಬರೆದರು.

ಒಂದು ದಿನದಿಂದ ಶುರು ಮಾಡೋಣ. 1847ರ ಜುಲೈ 24, ಶನಿವಾರ. ಅಮೆರಿಕದ ಪಶ್ಚಿಮದಲ್ಲಿ ಬೆಟ್ಟದ ಕಮರಿಯಿಂದ ಒಂದು ಗಾಡಿ ಬಯಲಿಗೆ ಬರುತ್ತದೆ. ಅದರಲ್ಲಿ ಜ್ವರ ಬಂದು ಮಲಗಿದ್ದವರು ಬ್ರಿಗಮ್ ಯಂಗ್, ಮಾರ್ಮನ್ನರೆಂಬ ಧಾರ್ಮಿಕ ಪಂಥದ ನಾಯಕ. ಗಾಡಿ ವಿಲ್ಫರ್ಡ್ ವುಡ್ರಫ್ ಅವರದು, ನಾನು ಹೇಳಿದ ಡೈರಿಯ ಮನುಷ್ಯ ಇವರೇ. ಮುಂದೆ ಸಾಲ್ಟ್ ಲೇಕ್ ಕಣಿವೆ. ಸಾವಿರ ಮೈಲಿ ನಡೆದು ಬಂದ ಜನ, ಊರು ಕಟ್ಟಲು ಜಾಗ ಹುಡುಕುತ್ತಿದ್ದರು. ಯಂಗ್ ಎದ್ದು ಕಣಿವೆಯನ್ನು ನೋಡಿ, “ಸಾಕು, ಇದೇ ಸರಿಯಾದ ಜಾಗ, ಗಾಡಿ ಹೊಡೆಯಿರಿ” ಎಂದರಂತೆ. ಯೂಟಾ ರಾಜ್ಯದಲ್ಲಿ ಈ ಮಾತು ಗೊತ್ತಿಲ್ಲದ ಶಾಲಾ ಮಗು ಇರಲಿಕ್ಕಿಲ್ಲ. ನೂರು ವರ್ಷ ತುಂಬಿದ ದಿನ, 1947ರ ಜುಲೈ 24ಕ್ಕೆ, ಅಲ್ಲಿ ದೊಡ್ಡ ಸ್ಮಾರಕವೇ ಉದ್ಘಾಟನೆಯಾಯಿತು. ಅದರ ಹೆಸರೇ ಆ ಮಾತು.

ಈ ಮಾತಿಗೆ ಸಾಕ್ಷಿ ಯಾರು? ಗಾಡಿಯ ಯಜಮಾನ ವುಡ್ರಫ್. ಅವರು ಇದನ್ನು ಹೇಳಿದ್ದು ಯಾವಾಗ? 1880ರಲ್ಲಿ, ವಾರ್ಷಿಕೋತ್ಸವದ ಭಾಷಣದಲ್ಲಿ. ಘಟನೆಗೂ ಮಾತಿಗೂ ನಡುವೆ 33 ವರ್ಷ.

ಸರಿ, ಅದೇ ವುಡ್ರಫ್ ಆ ದಿನ ಡೈರಿ ಬರೆದಿದ್ದರಲ್ಲ, ತೆಗೆದು ನೋಡಿದರಾಯಿತು. ನೋಡಿದರೆ ಆ ವಾಕ್ಯ ಅಲ್ಲಿಲ್ಲ. ಕಣಿವೆಯ ನೋಟ ಕಂಡು ಅಧ್ಯಕ್ಷ ಯಂಗ್ ಪೂರ್ತಿ ಸಮಾಧಾನ ವ್ಯಕ್ತಪಡಿಸಿದರು, ನಮ್ಮ ಜನಕ್ಕೆ ನೆಲೆ ನಿಲ್ಲಲು ತಕ್ಕ ಜಾಗವೆಂದು ಭಾವಿಸಿದರು, ಪ್ರಯಾಣದ ಕಷ್ಟಕ್ಕೆ ಫಲ ಸಿಕ್ಕಿತೆಂದುಕೊಂಡರು ಎಂಬರ್ಥದ ಸಾಲುಗಳಿವೆ. ವರದಿಯ ಭಾಷೆ. ಕಲ್ಲಿನಲ್ಲಿ ಕೆತ್ತಲು ಬರುವಂಥದ್ದಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಈ ಸಂದಿನ ಬಗ್ಗೆ. ಒಬ್ಬನೇ ಮನುಷ್ಯ, ಒಂದೇ ದಿನ, ಎರಡು ದಾಖಲೆ. ಒಂದು ಅಂದಿನ ಶಾಯಿ, ಇನ್ನೊಂದು ಮೂವತ್ತು ವರ್ಷ ಒಳಗೆ ಕುದಿದು ಪಾಕ ಬಂದ ನೆನಪು.

ಮಾರ್ಮನ್ನರ ಪರಿಚಯ ಚುಟುಕಾಗಿ ಹೇಳಿಬಿಡುತ್ತೇನೆ. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬ ತರುಣ ಒಂದು ಹೊಸ ಚರ್ಚು ಶುರು ಮಾಡಿದ. ತನಗೆ ದೇವರಿಂದ ಮಾರ್ಮನ್ ಗ್ರಂಥ ಎಂಬ ಹೊಸ ಗ್ರಂಥ ಸಿಕ್ಕಿದೆ ಎಂದ. ನಂಬಿದವರು ಬಹಳ ಜನ, ಹೊಡೆಯಲು ಬಂದವರೂ ಬಹಳ ಜನ. ಒಹಾಯೊ, ಮಿಸೌರಿ, ಇಲಿನಾಯ್ ಎಂದು ಓಡಾಡಿ, 1844ರಲ್ಲಿ ಸ್ಮಿತ್ ಕೊಲೆಯಾದ ಮೇಲೆ ಬ್ರಿಗಮ್ ಯಂಗ್ ಹಿಂದೆ ಬಹುಪಾಲು ಜನ ಯೂಟಾ ಸೇರಿದರು. ನಮಗೆ ತೀರಾ ದೂರದವರೇನಲ್ಲ: ಇವರ ದೇವಾಲಯವೊಂದು ಬೆಂಗಳೂರಿನಲ್ಲಿ ಆಗುವುದೆಂದು 2018ರಲ್ಲಿ ಘೋಷಣೆಯಾಗಿ, 2020ರ ಡಿಸೆಂಬರಿನಲ್ಲಿ ಗುದ್ದಲಿ ಬಿತ್ತು.

ಚರ್ಚು ಹುಟ್ಟಿದ ದಿನವೇ ಬಂತೆಂದು ಅವರು ನಂಬುವ ದೈವವಾಣಿಯ ಮೊದಲ ಮಾತು ಏನು ಗೊತ್ತೇ? ನಿಮ್ಮಲ್ಲಿ ದಾಖಲೆ ಇಡತಕ್ಕದ್ದು, ಅಂತ. ದೇವರು ಮೊದಲು ಕೇಳಿದ್ದು ಕಡತ! ಹಾಗಾಗಿ ಬರೆಯುವುದು ಇವರಿಗೆ ಹವ್ಯಾಸವಲ್ಲ, ಒಂದು ಬಗೆಯ ವ್ರತ. ವ್ರತ ಹಿಡಿದವರೆಲ್ಲ ಪೂರೈಸುವುದಿಲ್ಲ ಅನ್ನುವುದು ನಮಗೂ ಗೊತ್ತು. ಜೋಸೆಫ್ ಸ್ಮಿತ್ 1832ರ ನವೆಂಬರ್ 27ರಂದು ಒಂದು ಪುಸ್ತಕ ಕೊಂಡು, ಕಣ್ಣಿಗೆ ಬಿದ್ದದ್ದನ್ನೆಲ್ಲ ಚೂರೂ ಬಿಡದೆ ಬರೆದಿಡಲು ಕೊಂಡದ್ದು ಎಂದು ಮೊದಲ ಪುಟದಲ್ಲೇ ಬರೆದ. ಕೆಲವೇ ದಿನ ಬರೆದು ನಿಲ್ಲಿಸಿದ. ಆಮೇಲೆ ಸುಮಾರು ಹತ್ತು ತಿಂಗಳು ಏನೂ ಇಲ್ಲ. ಜನವರಿ ಒಂದರಂದು ಹೊಸ ಡೈರಿ ಕೊಳ್ಳುವ ನಮ್ಮಂಥವರಿಗೆ ಈ ಪ್ರವಾದಿ ತುಂಬಾ ಹತ್ತಿರದವನು ಅನ್ನಿಸುತ್ತಾನೆ. ಮುಂದೆ ಅವನ ಹೆಸರಿನ ದಿನಚರಿಯ ಹೆಚ್ಚು ಭಾಗವನ್ನು ಗುಮಾಸ್ತರೇ ಬರೆದರು.

ವ್ರತ ಪೂರೈಸಿದವರು ವುಡ್ರಫ್.

ಹುಟ್ಟಿದ್ದು 1807ರ ಮಾರ್ಚ್ 1ರಂದು, ಕನೆಕ್ಟಿಕಟ್‌ನ ಫಾರ್ಮಿಂಗ್ಟನ್‌ನಲ್ಲಿ. ಅಪ್ಪ ಗಿರಣಿ ನಡೆಸುವವರು, ಮಗನೂ ಅದೇ ಕಸುಬು ಕಲಿತವನು. ನೀರಿನ ಚಕ್ರದ ಗಿರಣಿ, ಧಾನ್ಯ ಅಳೆದು ತಗೊಂಡು, ಹಿಟ್ಟು ಅಳೆದು ಕೊಟ್ಟು, ತನ್ನ ಪಾಲನ್ನು ಅಳೆದು ಇಟ್ಟುಕೊಳ್ಳುವ ಕೆಲಸ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವರ ಡೈರಿ ಓದುವಾಗ ನನಗೆ ಕಾಣುವುದು ಸಂತನೂ ಅಲ್ಲ, ಸಾಹಿತಿಯೂ ಅಲ್ಲ, ಗಿರಣಿಯವನು. 1833ರ ಕೊನೆಯ ದಿನ ಮಂಜುಗಡ್ಡೆ ತೇಲುವ ನೀರಿನಲ್ಲಿ ಮುಳುಗಿ ದೀಕ್ಷೆ ತಗೊಂಡರು. ಸುತ್ತ ಮೂರಡಿ ಹಿಮ ಇತ್ತಂತೆ, ಚಳಿ ಗೊತ್ತಾಗಲಿಲ್ಲವಂತೆ. ನೋಡಿ, ಅಲ್ಲೂ ಎಷ್ಟು ಅಡಿ ಅನ್ನುವುದನ್ನು ಮರೆತಿಲ್ಲ. 1839ರಲ್ಲಿ ಚರ್ಚಿನ ಹಿರಿಯ ಮಂಡಳಿಯಾದ ಹನ್ನೆರಡು ಅಪೊಸ್ತಲರಲ್ಲಿ ಒಬ್ಬರಾದರು. 1889ರಲ್ಲಿ, 82ನೇ ವಯಸ್ಸಿನಲ್ಲಿ, ಇಡೀ ಚರ್ಚಿನ ಅಧ್ಯಕ್ಷರಾದರು. ನಡುವೆ ದಶಕಗಟ್ಟಲೆ ಚರ್ಚಿನ ಇತಿಹಾಸ ಕಚೇರಿಯಲ್ಲೇ ಕೆಲಸ. ಹೀಗಾಗಿ ಡೈರಿ ಬರೆಯುವವನೂ ಅವರೇ, ಅದನ್ನು ಆಕರವಾಗಿ ಬಳಸುವ ಕಚೇರಿಯೂ ಅವರದೇ. ಇದರಲ್ಲಿ ಒಂದು ತೊಡಕಿದೆ, ಆಮೇಲೆ ಬರುತ್ತೇನೆ.

ಬರೆಯುವ ಪದ್ಧತಿ ಹೇಳುತ್ತೇನೆ. ಅಂಗಡಿ ಮನೆಯಲ್ಲಿ ಬೆಳೆದವರು ಇಲ್ಲಿದ್ದರೆ ತಕ್ಷಣ ಹಿಡಿಯುತ್ತೀರಿ. ಕಿರ್ದಿ, ಖಾತೆ ಅಂತ ಎರಡು ಪುಸ್ತಕ ಇರುತ್ತವಲ್ಲ? ದಿನದ ವಹಿವಾಟು ಆಯಾ ಹೊತ್ತಿಗೆ ಕಿರ್ದಿಗೆ ಬೀಳುತ್ತದೆ, ಆಮೇಲೆ ಬಿಡುವಾಗಿ ಕೂತು ಖಾತೆಗೆ ಎತ್ತಿ ಬರೆಯುವುದು. ವುಡ್ರಫ್ ಮಾಡಿದ್ದು ಅದನ್ನೇ. ಜೇಬಿನಲ್ಲಿ ಸಣ್ಣ ಪುಸ್ತಕ, ಅದರಲ್ಲಿ ದಾರಿಯಲ್ಲಿ ಗೀಚಿದ್ದು. ಪುರುಸೊತ್ತಾದಾಗ ದೊಡ್ಡ ಪುಸ್ತಕಕ್ಕೆ ಶಾಯಿಯಲ್ಲಿ ಶುದ್ಧ ಪ್ರತಿ. ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. ತನ್ನ ಹೆಸರಿಗೇ ಶುರುವಿನಲ್ಲಿ ಒಂದಕ್ಷರ ಹೆಚ್ಚು ಹಾಕಿ ಬರೆಯುತ್ತಿದ್ದರು. ಗುಟ್ಟಿಗೋ ವೇಗಕ್ಕೋ ಕೆಲವು ಕಡೆ ಶೀಘ್ರಲಿಪಿ.

ಚಿತ್ರಗಳೂ ಇವೆ. ಮುಖ್ಯವಾದ ಬೋಧನೆ ಕೇಳಿದ ದಿನ ಅಂಚಿನಲ್ಲಿ ಒಂದು ಬೀಗದ ಕೈ. ಪ್ರೀತಿಯ ವಿಷಯಕ್ಕೆ ಹೃದಯ. ಸಾವಿಗೆ ಶವಪೆಟ್ಟಿಗೆ. ಗಮನಿಸಬೇಕಾದ್ದಕ್ಕೆ ಬೆರಳು ತೋರಿಸುವ ಕೈ. ಹಾಳೆ ಮಗುಚುತ್ತಾ ಹೋದರೆ ಓದುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ: ಇಲ್ಲಿ ಯಾರೋ ತೀರಿಕೊಂಡರು, ಇಲ್ಲಿ ಏನೋ ತೆರೆಯಿತು. ಅಚ್ಚಿನ ಪ್ರತಿಗಿಂತ ಮೂಲದ ಸ್ಕ್ಯಾನ್ ನೋಡಿ ಎಂದು ನಾನು ಹೇಳುವುದು ಇದಕ್ಕೇ. ಮೂಲ ಹಸ್ತಪ್ರತಿಗಳು ಸಾಲ್ಟ್ ಲೇಕ್ ಸಿಟಿಯಲ್ಲಿ ಚರ್ಚಿನ ಗ್ರಂಥಾಲಯದಲ್ಲಿವೆ. ಟೈಪ್ ಮಾಡಿದ ರೂಪ 1980ರ ದಶಕದಲ್ಲಿ ಒಂಬತ್ತು ದಪ್ಪ ಸಂಪುಟಗಳಲ್ಲಿ ಬಂತು. ಕೈಬರಹದ ಪುಟಗಳ ಲೆಕ್ಕ ಏಳು ಸಾವಿರ ದಾಟುತ್ತದೆ.

ಇನ್ನು ವರ್ಷದ ಕೊನೆ. ದೀಪಾವಳಿಗೆ ನಮ್ಮ ವರ್ತಕರು ಲೆಕ್ಕ ಚುಕ್ತಾ ಮಾಡುವಂತೆ ಇವರು ಡಿಸೆಂಬರ್ 31ಕ್ಕೆ ವರ್ಷದ ಗೋಷ್ವಾರೆ ತೆಗೆಯುತ್ತಿದ್ದರು. ಎಷ್ಟು ಮೈಲಿ ಓಡಾಡಿದೆ, ಎಷ್ಟು ಸಭೆ, ಎಷ್ಟು ಜನಕ್ಕೆ ದೀಕ್ಷೆ, ಎಷ್ಟು ಪತ್ರ ಬರೆದೆ, ಎಷ್ಟು ಬಂತು. ಕೊನೆಗಾಲದಲ್ಲಿ ಕೂಡಿಸಿದಾಗ ಪ್ರಯಾಣವೇ 1,70,000 ಮೈಲಿ ಮೀರಿತ್ತು. ಬಹುಪಾಲು ಕಾಲ್ನಡಿಗೆ, ಕುದುರೆ, ಗಾಡಿ, ಹಡಗು. ರೈಲು ಬಂದದ್ದು ತಡವಾಗಿ.

ಅಪಾಯಗಳ ಪಟ್ಟಿಯನ್ನೂ ಮಾಡಿದ್ದರು. ಮೂರು ವರ್ಷದವನಿದ್ದಾಗ ಕುದಿನೀರಿನ ಹಂಡೆಗೆ ಬಿದ್ದದ್ದು, ಹುಚ್ಚುನಾಯಿ ಕಚ್ಚಿದ್ದು, ಗಿರಣಿಯ ಚಕ್ರದ ಮೇಲೆ ಬಿದ್ದದ್ದು, ಕೈಕಾಲು ಮುರಿದದ್ದು. 1846ರ ಅಕ್ಟೋಬರ್ 15ರಂದು ಕಡಿಯುತ್ತಿದ್ದ ಮರ ಮೈಮೇಲೆ ಬಿದ್ದು ಎದೆಮೂಳೆ, ಮೂರು ಪಕ್ಕೆಲುಬು ಮುರಿದವು. ಇಷ್ಟೆಲ್ಲ ಆದರೂ ಬದುಕಿದ್ದೇನೆ ಅಂದರೆ ದೇವರು ಕಾಯುತ್ತಿದ್ದಾನೆ, ಸೈತಾನ ಹೊಂಚುತ್ತಿದ್ದಾನೆ ಎಂಬುದು ಅವರ ನಂಬಿಕೆ. ಗಿರಣಿಯವನಿಗೆ ದೇವರ ಕೃಪೆಗೂ ಪಟ್ಟಿ ಬೇಕು.

ನನಗೆ ಬಹಳ ಇಷ್ಟವಾದ ಪುಟ ಮೀನಿನದು. 1847ರ ಜುಲೈ 8, ಫೋರ್ಟ್ ಬ್ರಿಡ್ಜರ್. ಕಣಿವೆ ಸಿಗಲು ಇನ್ನೂ ಎರಡು ವಾರ ಇದೆ, ಅದು ಸಿಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ವುಡ್ರಫ್ ಲಿವರ್‌ಪೂಲಿನಿಂದ ತಂದಿದ್ದ ಗಾಳದ ಕೋಲು ಹೊರಗೆ ತೆಗೆದು ಟ್ರೌಟ್ ಮೀನಿಗೆ ಹೊರಟರು. ಉಳಿದವರೆಲ್ಲ ಗಾಳಕ್ಕೆ ಮಾಂಸ, ಮಿಡತೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಇವರದು ದಾರ, ಪುಕ್ಕ ಕಟ್ಟಿ ಮಾಡಿದ ಕೃತಕ ನೊಣ. ಅಮೆರಿಕದಲ್ಲಿ ತಾನು ಇದನ್ನು ಬಳಸಿದ್ದೂ ಇದೇ ಮೊದಲು, ಬೇರೆಯವರು ಬಳಸಿದ್ದನ್ನು ಕಂಡದ್ದೂ ಇಲ್ಲ ಎನ್ನುತ್ತಾರೆ. ನೀರಿನ ಮೇಲೆ ನೊಣ ತೇಲುವುದನ್ನು ಕಣ್ಣಿಟ್ಟು ನೋಡುತ್ತಾ ನಿಂತದ್ದನ್ನು ಬರೆಯುತ್ತಾರೆ. ಬೆಳಿಗ್ಗೆ ಸಂಜೆ ಸೇರಿ ಎರಡು ಮೂರು ಗಂಟೆಯಲ್ಲಿ ಹನ್ನೆರಡು ಮೀನು, ಅದರಲ್ಲಿ ಅರ್ಧದಷ್ಟು ಮುಕ್ಕಾಲು ಪೌಂಡಿನವು. ಇಡೀ ಶಿಬಿರದ ಉಳಿದವರದೆಲ್ಲ ಸೇರಿದರೂ ಮೂರು ಪೌಂಡ್ ಆಗಲಿಲ್ಲ. ಆದ್ದರಿಂದ ಟ್ರೌಟಿಗೆ ಕೃತಕ ನೊಣವೇ ಶ್ರೇಷ್ಠ ಎಂದು ರುಜುವಾತಾಯಿತು ಅಂತ ಮುಗಿಸುತ್ತಾರೆ. ಅಪೊಸ್ತಲರು ಹೊಟ್ಟೆ ತುಂಬಾ ಖುಷಿಪಟ್ಟಿದ್ದಾರೆ, ಸ್ವಲ್ಪ ಜಂಬವೂ ಇದೆ. ದೈವವಾಣಿ ಬರೆದ ಪುಸ್ತಕದಲ್ಲೇ, ಅದೇ ಕೈಬರಹದಲ್ಲೇ ಇದೂ ಇದೆ. ಪಶ್ಚಿಮ ಅಮೆರಿಕದಲ್ಲಿ ಹೀಗೆ ಮೀನು ಹಿಡಿದ ತೀರಾ ಹಳೆಯ ದಾಖಲೆಗಳಲ್ಲಿ ಒಂದೆಂದು ಗಾಳದ ಹವ್ಯಾಸಿಗಳು ಇವತ್ತಿಗೂ ಈ ಪುಟವನ್ನು ಉದಾಹರಿಸುತ್ತಾರೆ, ಅವರಿಗೆ ಮಾರ್ಮನ್ ಧರ್ಮದ ಗೊಡವೆಯೇ ಬೇಡ.

ಈಗ ತೊಡಕಿನ ವಿಷಯ.

ಜೋಸೆಫ್ ಸ್ಮಿತ್ ಬರೆದುಕೊಂಡು ಬಂದು ಓದುವ ಉಪದೇಶಕನಲ್ಲ, ನಿಂತಲ್ಲೇ ಮಾತಾಡುವವನು. ವುಡ್ರಫ್ ಕೇಳಿ ಬಂದು, ಬರೆಯುವ ತನಕ ಜೀವಕ್ಕೆ ನೆಮ್ಮದಿ ಇಲ್ಲದೆ, ಬರೆದು ಮುಗಿಸುತ್ತಿದ್ದರು. ಅವರು ಬರೆಯದಿದ್ದರೆ ಎಷ್ಟೋ ಪ್ರವಚನ ಗಾಳಿಗೆ ಹೋಗುತ್ತಿದ್ದವು. 1841ರ ನವೆಂಬರ್ 28ರಂದು ನಾವೂ ಎಂಬ ಊರಿನಲ್ಲಿ (ಹೌದು, ಊರಿನ ಹೆಸರೇ ಅದು, ನಗಬೇಡಿ) ಬ್ರಿಗಮ್ ಯಂಗ್ ಮನೆಯಲ್ಲಿ ಕೂಟ ಸೇರಿತ್ತು. ಮಾರ್ಮನ್ ಗ್ರಂಥವು ಭೂಮಿಯ ಮೇಲಿನ ಯಾವುದೇ ಪುಸ್ತಕಕ್ಕಿಂತ ಸರಿಯಾದದ್ದು, ನಮ್ಮ ಧರ್ಮದ ಕಮಾನಿಗೆ ಅದೇ ನಡುಗಲ್ಲು ಎಂದು ಜೋಸೆಫ್ ಹೇಳಿದ ಅಂತ ವುಡ್ರಫ್ ಬರೆದರು. “ಜೋಸೆಫ್ ಹೇಳಿದ” ಎಂಬ ಪ್ರಥಮ ಪುರುಷದಲ್ಲಿ. ಮುಂದೆ ಚರ್ಚಿನ ಗುಮಾಸ್ತರು ಜೋಸೆಫ್ ಸ್ಮಿತ್‌ನ ಇತಿಹಾಸ ಕಟ್ಟುವಾಗ ಇದನ್ನು ಎತ್ತಿಕೊಂಡು “ನಾನು ಸಹೋದರರಿಗೆ ಹೇಳಿದೆ” ಅಂತ ಉತ್ತಮ ಪುರುಷಕ್ಕೆ ತಿರುಗಿಸಿದರು. ಆ ಕಾಲದಲ್ಲಿ ಅದು ರೂಢಿ, ಮೋಸವೆಂದು ಯಾರೂ ತಿಳಿಯುತ್ತಿರಲಿಲ್ಲ. ಆದರೆ ಓದುವವನಿಗೆ ಈಗ ಪ್ರವಾದಿಯೇ ಕೂತು ಬರೆದಂತೆ ಕೇಳಿಸುತ್ತದೆ. ನಡುವೆ ಒಬ್ಬ ಕೇಳುಗ ಇದ್ದ, ಇಡೀ ದಿನದ ಮಾತನ್ನು ಅವನು ನಾಲ್ಕು ಸಾಲಿಗೆ ಇಳಿಸಿದ್ದ ಎಂಬುದು ಮಾಯ. ಲಕ್ಷಾಂತರ ಜನ ಬಾಯಿಪಾಠ ಮಾಡಿರುವ ಆ ವಾಕ್ಯ ಕಾಗದದ ಮೇಲೆ ನಿಂತಿರುವುದು ಗಿರಣಿಯವನ ಕಿವಿಯ ಮೇಲೆ. ಆ ಕಿವಿಯನ್ನು ನಾನು ನಂಬುತ್ತೇನೆ. ಕಿವಿ ಇತ್ತು ಅನ್ನುವುದನ್ನು ಮರೆಸುವುದು ಮಾತ್ರ ನನಗೆ ಸರಿಕಾಣುವುದಿಲ್ಲ.

ಇದಕ್ಕಿಂತ ಕಷ್ಟದ ಪುಟ 1857ರದು.

ಆ ವರ್ಷ ಯೂಟಾದ ಮೇಲೆ ಅಮೆರಿಕದ ಸೈನ್ಯ ಹೊರಟಿತ್ತು. ಯುದ್ಧವೇ ಆಗುತ್ತದೆಂದು ಜನ ಉದ್ರಿಕ್ತರಾಗಿದ್ದರು. ಆರ್ಕನ್ಸಾದಿಂದ ಕ್ಯಾಲಿಫೋರ್ನಿಯಾಗೆ ಹೊರಟಿದ್ದ ವಲಸಿಗರ ಗಾಡಿಗಳ ತಂಡವೊಂದು ಯೂಟಾದ ದಕ್ಷಿಣದಲ್ಲಿ ಮೌಂಟನ್ ಮೆಡೋಸ್ ಎಂಬ ಹುಲ್ಲುಗಾವಲಿನಲ್ಲಿ ತಂಗಿತ್ತು. ಸ್ಥಳೀಯ ಮಾರ್ಮನ್ ಸೇನಾದಳದವರು, ಜೊತೆಗೆ ಪಾಯೂಟ್ ಎಂಬ ಮೂಲನಿವಾಸಿ ಬುಡಕಟ್ಟಿನ ಕೆಲವರು, ಅವರನ್ನು ಸುತ್ತುವರಿದರು. ಸೆಪ್ಟೆಂಬರ್ 11ರಂದು ಬಿಳಿ ಬಾವುಟ ತೋರಿಸಿ, ರಕ್ಷಣೆ ಕೊಡುತ್ತೇವೆಂದು ನಂಬಿಸಿ, ಆಯುಧ ಇಳಿಸಿಕೊಂಡು ಕೊಂದರು. ಸತ್ತವರು ಸುಮಾರು 120 ಜನ. ಉಳಿಸಿದ್ದು, ನಡೆದದ್ದನ್ನು ಹೇಳಲಾರದಷ್ಟು ಚಿಕ್ಕವರೆಂದು ಬಿಟ್ಟ 17 ಮಕ್ಕಳನ್ನು.

ಸೆಪ್ಟೆಂಬರ್ 29ರಂದು ಜಾನ್ ಡಿ. ಲೀ ಎಂಬವನು ಸಾಲ್ಟ್ ಲೇಕ್ ಸಿಟಿಗೆ ಬಂದು ಬ್ರಿಗಮ್ ಯಂಗ್ ಅವರಿಗೆ ಸುದ್ದಿ ಹೇಳಿದ. ವುಡ್ರಫ್ ಅಂದೇ ಬರೆದುಕೊಂಡರು. ರಕ್ತದ ಭೀಕರ ಕಥೆ ಎಂದೇ ಶುರುವಾಗುತ್ತದೆ. ಇಂಡಿಯನ್ನರು, ಅಂದರೆ ಅಲ್ಲಿನ ಮೂಲನಿವಾಸಿಗಳು, ಕೊಂದರು, ಗಂಡಸರು ಹೆಂಗಸರು ಯಾರನ್ನೂ ಬಿಡಲಿಲ್ಲ, ಕೆಲವು ಮಕ್ಕಳಷ್ಟೇ ಉಳಿದರು ಎಂದು ಅದರಲ್ಲಿದೆ. ಆ ತಂಡದಲ್ಲಿ ನಿರಪರಾಧಿ ರಕ್ತ ಒಂದು ಹನಿಯೂ ಇರಲಿಲ್ಲ ಎಂದು ಲೀ ಹೇಳಿದ್ದೂ ಇದೆ. ಇದನ್ನೆಲ್ಲ ಹೇಳಿದವನು ಸ್ವತಃ ಕೊಲೆಯಲ್ಲಿ ಮುಂದೆ ನಿಂತವನು. ಇಪ್ಪತ್ತು ವರ್ಷದ ಮೇಲೆ, 1877ರ ಮಾರ್ಚ್ 23ರಂದು, ಅದೇ ಹುಲ್ಲುಗಾವಲಿನಲ್ಲಿ ಅವನಿಗೆ ಮರಣದಂಡನೆ ಆಯಿತು. ಶಿಕ್ಷೆ ಆದದ್ದು ಅವನೊಬ್ಬನಿಗೇ.

ಡೈರಿ ಅಂದೇ ಬರೆದದ್ದು, ಆದ್ದರಿಂದ ಸತ್ಯ ಅಂತ ನಾವು ಹೇಳಿಬಿಡುತ್ತೇವಲ್ಲ, ಈ ಪುಟದ ಮುಂದೆ ಆ ಮಾತು ನಿಲ್ಲುವುದಿಲ್ಲ. ಅಂದೇ ಬರೆದದ್ದು ಹೌದು, ಬರೆದದ್ದೆಲ್ಲ ಸುಳ್ಳುಗಾರನ ಮಾತು. ಲೀ ಹೀಗೆ ಹೇಳಿದ ಅನ್ನುವುದಕ್ಕೆ ಅದು ಗಟ್ಟಿ ಸಾಕ್ಷಿ. ನಡೆದದ್ದಕ್ಕೆ ಸಾಕ್ಷಿಯೇ ಅಲ್ಲ. ನ್ಯಾಯಾಲಯದಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಿ, ಈ ವ್ಯತ್ಯಾಸ ನಿಮಗೆ ನಾನು ಹೇಳಬೇಕಿಲ್ಲ.

ಅದೇ ಡೈರಿ ಇನ್ನೊಂದನ್ನೂ ಉಳಿಸಿದೆ. 1859ರಲ್ಲಿ ಅಲ್ಲಿಗೆ ಬಂದ ಸೈನಿಕರು ಮೂಳೆಗಳನ್ನು ಹೂಳಿ, ಕಲ್ಲಿನ ಗುಡ್ಡೆ ಹಾಕಿ, ಮೇಲೊಂದು ಮರದ ಶಿಲುಬೆ ನಿಲ್ಲಿಸಿದ್ದರು. ಸೇಡು ನನ್ನದು, ನಾನೇ ತೀರಿಸುವೆನು ಎಂದು ಕರ್ತನು ಹೇಳುತ್ತಾನೆ ಎಂಬ ಬೈಬಲ್ ವಾಕ್ಯ ಅದರ ಮೇಲೆ. 1861ರ ಮೇ 25ರಂದು ಬ್ರಿಗಮ್ ಯಂಗ್ ಅಲ್ಲಿಗೆ ಬಂದರು, ಜೊತೆಗೆ ವುಡ್ರಫ್ ಇದ್ದರು. ಬರಹ ನೋಡಿ ಯಂಗ್, ಸೇಡು ನನ್ನದು, ಸ್ವಲ್ಪ ತೀರಿಸಿಕೊಂಡೂ ಇದ್ದೇನೆ ಅಂತಿರಬೇಕಿತ್ತು ಎಂದರು ಅಂತ ವುಡ್ರಫ್ ಬರೆದಿದ್ದಾರೆ.

ಓದಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ತನ್ನ ಗುರು, ತನ್ನ ನಾಯಕ, ದೇವರ ಬಾಯಿ ಎಂದು ತಾನು ನಂಬಿದ ಮನುಷ್ಯ. ಆತನ ಹೆಸರಿಗೆ ಇದು ಶೋಭೆಯಲ್ಲ ಅಂತ ವುಡ್ರಫ್‌ಗೆ ಅನ್ನಿಸಿತೋ, ಅಥವಾ ಆ ಕಾಲದ ಕಹಿಯಲ್ಲಿ ಇದು ಸಹಜ ಮಾತೇ ಅನ್ನಿಸಿತೋ, ಅವರ ಸಾಲಿನಿಂದ ತಿಳಿಯುವುದಿಲ್ಲ. ಟಿಪ್ಪಣಿ ಇಲ್ಲ, ಸಮರ್ಥನೆ ಇಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಇತಿಹಾಸ ಕಚೇರಿಯಲ್ಲೇ ಕೂತಿದ್ದರು, ಆ ಹಾಳೆ ಅವರ ಕೈಗೆಟುಕುವಂತೆಯೇ ಇತ್ತು. ಹರಿದು ಒಲೆಗೆ ಹಾಕಲಿಲ್ಲ. ಚರ್ಚನ್ನು ಟೀಕಿಸುವವರು ಇವತ್ತು ಎತ್ತಿ ತೋರಿಸುವ ಪುಟಗಳಲ್ಲಿ ಎಷ್ಟೋ ಈ ಅಚಲ ಭಕ್ತನ ಕೈಬರಹದವು. ಇತಿಹಾಸಕಾರರು ಅವರಿಗೆ ಋಣಿಯಾಗಿರುವುದು ಭಕ್ತಿಗಲ್ಲ, ಹರಿಯದೆ ಬಿಟ್ಟದ್ದಕ್ಕೆ.

ಇಷ್ಟು ಹೊತ್ತು ಲೆಕ್ಕದ ಮನುಷ್ಯ ಅಂತಲೇ ಹೇಳುತ್ತಾ ಬಂದೆ. ಹೃದಯದ ಚಿತ್ರವನ್ನೂ ಅಂಚಿನಲ್ಲಿ ಬಿಡಿಸುತ್ತಿದ್ದವರು ಅವರು, ಅದೂ ಬರಬೇಕು.

1844ರಲ್ಲಿ ಜೋಸೆಫ್ ಸ್ಮಿತ್ ಮತ್ತು ಅವನ ಅಣ್ಣ ಹೈರಮ್, ಕಾರ್ತೇಜ್ ಜೈಲಿನಲ್ಲಿ ಜೂನ್ 27ರಂದು ಗುಂಪಿನ ಗುಂಡಿಗೆ ಸತ್ತರು. ವುಡ್ರಫ್ ಆಗ ದೂರದ ಪೂರ್ವ ಕರಾವಳಿಯಲ್ಲಿ ಪ್ರಚಾರಕ್ಕೆ ಹೋಗಿದ್ದರು. ಜುಲೈ 9ರಂದು ಮೇನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ ದೋಣಿ ಹತ್ತಬೇಕೆನ್ನುವಾಗ ಪತ್ರಿಕೆಯಲ್ಲಿ ಕಂಡಿತು. ಅಳಲಿಲ್ಲ. ಜುಲೈ 17ಕ್ಕೆ ಬಾಸ್ಟನ್‌ನಲ್ಲಿ ಬ್ರಿಗಮ್ ಯಂಗ್ ಸಿಕ್ಕರು. ಇಬ್ಬರೂ ಪರಿಚಯದ ಹೆಂಗಸೊಬ್ಬರ ಮನೆಗೆ ಹೋದರು. ಯಂಗ್ ಹಾಸಿಗೆ ಮೇಲೆ, ವುಡ್ರಫ್ ದೊಡ್ಡ ಕುರ್ಚಿಯಲ್ಲಿ. ಮುಖಕ್ಕೆ ಮುಸುಕೆಳೆದುಕೊಂಡು ಆಗ ಮೊದಲ ಸಲ ದುಃಖವನ್ನು ಬಿಟ್ಟೆ ಎನ್ನುತ್ತಾರೆ. ಹಾಸಿಗೆ ಯಾರಿಗೆ, ಕುರ್ಚಿ ಯಾರಿಗೆ ಅನ್ನುವುದೂ ದಾಖಲು. ಅಳುವಿನ ಬಗ್ಗೆ ಬರೆದ ಉದ್ದುದ್ದ ವರ್ಣನೆಗಳಿಗಿಂತ ಆ ಕುರ್ಚಿ ನನ್ನನ್ನು ಹೆಚ್ಚು ಕಾಡಿದೆ.

ವುಡ್ರಫ್ ಇಂಗ್ಲೆಂಡಿನಲ್ಲಿದ್ದಾಗ 1840ರ ಜುಲೈ 17ರಂದು ಅವರ ಮೊದಲ ಮಗಳು ಸಾರಾ ಎಮ್ಮಾ ತೀರಿಕೊಂಡಳು, ಎರಡು ವರ್ಷ ತುಂಬಿ ಮೂರು ದಿನ ಆಗಿತ್ತು. ಆ ಹೊತ್ತಿಗೆ ಅಪ್ಪ ಸಾಗರದಾಚೆ ದೀಕ್ಷೆ ಕೊಡುವ ಕೆಲಸದಲ್ಲಿದ್ದರು; ಹರ್‌ಫರ್ಡ್‌ಶೈರಿನಲ್ಲಿ ಜಾನ್ ಬೆನ್‌ಬೋ ಎಂಬ ರೈತನ ಹೊಲದ ಕೆರೆಯನ್ನು ತಾವೇ ನಿಂತು ಚೊಕ್ಕಟ ಮಾಡಿ, ಅಲ್ಲಿ ಜನರನ್ನು ಮುಳುಗಿಸಿದ್ದ ವರ್ಷ ಅದು. ಅವರ ಬದುಕಿನ ಅತಿ ದೊಡ್ಡ ಫಸಲಿನ ವರ್ಷ. ಸಾವಿನ ಸುದ್ದಿ ಕಾಗದದಲ್ಲಿ ಕಡಲು ದಾಟಿ ಬರಲು ತಿಂಗಳುಗಳೇ ಹಿಡಿದವು. ಡೈರಿಯಲ್ಲಿ ಮಗಳು ಆ ತಿಂಗಳುಗಳಲ್ಲಿ ಬದುಕೇ ಇದ್ದಾಳೆ. ಮುಂದೇನಾಗುತ್ತದೆಂದು ಗೊತ್ತಿದ್ದು ಓದುವ ನಮಗೆ ಆ ಪುಟಗಳನ್ನು ದಾಟುವುದು ಕಷ್ಟ.

ಆ ಮಗುವಿನ ತಾಯಿ ಫೀಬಿ. 1837ರಲ್ಲಿ ಮದುವೆಯಾದವರು, ಮೊದಲ ಹೆಂಡತಿ. ಮೊದಲ ಅಂದೆ, ಯಾಕೆಂದರೆ ಆಮೇಲೆ ಇನ್ನೂ ಹಲವರು ಬಂದರು. ಮಕ್ಕಳ ಸಂಖ್ಯೆ ಮೂವತ್ತು ದಾಟುತ್ತದೆ. ಬಹುಪತ್ನಿತ್ವದ ವಿರುದ್ಧ ಕಾನೂನನ್ನು ಬಿಗಿಗೊಳಿಸಿದ ಎಡ್ಮಂಡ್ಸ್ ಕಾಯಿದೆ 1882ರಲ್ಲಿ ಬಂದ ಮೇಲೆ ಚರ್ಚಿನ ಹಿರಿಯರು ಅನೇಕರು ತಲೆಮರೆಸಿಕೊಂಡರು. ಎಂಬತ್ತರ ಹತ್ತಿರದ ವುಡ್ರಫ್ ಬೇರೆ ಹೆಸರಿಟ್ಟುಕೊಂಡು ದಕ್ಷಿಣ ಯೂಟಾದಲ್ಲಿ ಅಡಗಿ ಓಡಾಡಿದರು. 1885ರ ನವೆಂಬರ್ 10ರಂದು ಫೀಬಿ ತೀರಿಕೊಂಡರು. ಹೊರಗೆ ಬಂದರೆ ಬಂಧನ. ನಲವತ್ತೆಂಟು ವರ್ಷ ಜೊತೆಗಿದ್ದ ಹೆಂಡತಿಯ ಶವಯಾತ್ರೆ ಹೋಗುವುದನ್ನು ಅವರು ಚರ್ಚಿನ ಕಚೇರಿಯ ಕಿಟಕಿಯಿಂದ, ಯಾರಿಗೂ ಕಾಣದಂತೆ ನಿಂತು ನೋಡಿದರು. ತನ್ನ ಬದುಕಿನ ವಿಚಿತ್ರ ಅಧ್ಯಾಯವೊಂದನ್ನು ದಾಟುತ್ತಿದ್ದೇನೆ ಎಂಬರ್ಥದ ಮಾತು ಆ ದಿನಗಳ ಡೈರಿಯಲ್ಲಿದೆ. ಕಾನೂನು ಸರಿಯೋ ತಪ್ಪೋ, ಬಹುಪತ್ನಿತ್ವ ಹೆಂಗಸರಿಗೆ ಮಾಡಿದ್ದೇನು ಎಂಬುದೆಲ್ಲ ಬೇರೆಯೇ ಚರ್ಚೆ, ಅದನ್ನು ಫೀಬಿಯ ಕಡೆಯಿಂದ ಕೇಳಬೇಕು. ಗಂಡನ ಏಳು ಸಾವಿರ ಪುಟದಲ್ಲಿ ಅವಳ ದನಿ ನಮಗೆ ಸಿಗುವುದು ಕಡಿಮೆ, ಅದಕ್ಕೆ ಅವಳ ಪತ್ರಗಳಿಗೇ ಹೋಗಬೇಕು.

1890ಕ್ಕೆ ಬರೋಣ. ಎಡ್ಮಂಡ್ಸ್-ಟಕರ್ ಕಾಯಿದೆ ಚರ್ಚಿನ ಆಸ್ತಿಗೇ ಕೈಹಾಕಿತ್ತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಧ್ಯಕ್ಷ ವುಡ್ರಫ್ ಸೆಪ್ಟೆಂಬರ್ 25ರ ಡೈರಿಯಲ್ಲಿ, ಚರ್ಚಿನ ಐಹಿಕ ರಕ್ಷಣೆಗಾಗಿ ಕ್ರಮ ಕೈಗೊಳ್ಳಲೇಬೇಕಾದ ಘಟ್ಟಕ್ಕೆ ಬಂದಿದ್ದೇನೆ, ದೇವರನ್ನು ಪ್ರಾರ್ಥಿಸಿ ಪ್ರೇರಣೆ ಪಡೆದು ಈ ಪ್ರಕಟಣೆ ಹೊರಡಿಸಿದ್ದೇನೆ ಎಂದು ಬರೆದು, ಕೆಳಗೆ ಪ್ರಕಟಣೆಯ ಪ್ರತಿ ಇಟ್ಟರು. ನಾಡಿನ ಕಾನೂನು ನಿಷೇಧಿಸುವ ಮದುವೆ ಇನ್ನು ಬೇಡ ಎಂದು ಜನಕ್ಕೆ ಹೇಳಿದ, ಮ್ಯಾನಿಫೆಸ್ಟೊ ಎಂದೇ ಹೆಸರಾದ ಪ್ರಕಟಣೆ ಅದು. ಐದು ವರ್ಷ ಕಳೆದು 1896ರ ಜನವರಿಯಲ್ಲಿ ಯೂಟಾ ರಾಜ್ಯವಾಯಿತು. ಈ ನಿರ್ಧಾರ ದೈವವಾಣಿಯೋ, ರಾಜಕೀಯ ಒತ್ತಡವೋ ಎಂದು ಇವತ್ತಿಗೂ ವಾದ ನಡೆಯುತ್ತದೆ. ಆ ನಮೂದನ್ನು ಓದಿ: ಒತ್ತಡ, ಪ್ರಾರ್ಥನೆ ಎರಡೂ ಒಂದೇ ಉಸಿರಿನಲ್ಲಿವೆ. ಬರೆದವರಿಗೆ ಅವು ಬೇರೆಬೇರೆ ಅನ್ನಿಸಿದಂತೆ ಕಾಣುವುದಿಲ್ಲ. ಬೇರ್ಪಡಿಸುವ ಕೆಲಸ ನಮ್ಮದು, ನಂತರದ್ದು.

1898ರ ಆಗಸ್ಟ್ 31ಕ್ಕೆ ಡೈರಿ ನಿಲ್ಲುತ್ತದೆ. ಸೆಪ್ಟೆಂಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೀರಿಕೊಂಡರು, 91 ವರ್ಷ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ್, ಹಾಗಾದರೆ 1880ರಲ್ಲಿ ಅವರು ಸುಳ್ಳು ಹೇಳಿದರಾ?”

ಇಲ್ಲಮ್ಮ, ಹಾಗಲ್ಲ ಅಂದೆ. ಆ ಅರ್ಥದ ಮಾತನ್ನು ಯಂಗ್ ಆಡಿರಲೂಬಹುದು. ಅಂದಿನ ಸಾಲಿನಲ್ಲೂ ಸಮಾಧಾನದ ಸುದ್ದಿ ಇದ್ದೇ ಇದೆ. 1880ರ ಹೊತ್ತಿಗೆ ಆ ಬಯಲು ನಗರವಾಗಿತ್ತು, ಯಂಗ್ ತೀರಿಕೊಂಡು ಮೂರು ವರ್ಷವಾಗಿತ್ತು. ಅದು ಸರಿಯಾದ ಜಾಗವೇ ಆಗಿತ್ತು ಅನ್ನುವುದು ಎಲ್ಲರಿಗೂ ಗೊತ್ತಾಗಿತ್ತು. 1847ರಲ್ಲಿ ಗಾಡಿಯಲ್ಲಿ ಕೂತವರಿಗೆ ಅದು ಗೊತ್ತಿರಲಿಲ್ಲ. ಆ ಸಂಜೆಯ ಡೈರಿಯಲ್ಲಿ ಇನ್ನೊಂದು ವಿಷಯ ಇದೆ, ಸ್ಮಾರಕದ ಕಥೆಯಲ್ಲಿ ಯಾರೂ ಅದನ್ನು ಹೇಳುವುದಿಲ್ಲ. ಶಿಬಿರ ತಲುಪಿದವರೇ ವುಡ್ರಫ್ ಊಟಕ್ಕೂ ಕೂರದೆ, ತಮ್ಮ ಬಳಿ ಇದ್ದ ಅರ್ಧ ಬುಷೆಲ್ ಆಲೂಗಡ್ಡೆ, ನಮ್ಮ ಲೆಕ್ಕದಲ್ಲಿ ಹದಿಮೂರು ಕಿಲೋ ಚಿಲ್ಲರೆ, ಎತ್ತಿಕೊಂಡು ಅದಾಗಲೇ ಉತ್ತಿದ್ದ ಹೊಲಕ್ಕೆ ಹೋಗಿ ನೆಟ್ಟು ಬಂದರು. ಬೆಳೆ ಬರುತ್ತದೆಂಬ ಭರವಸೆ ಇರಲಿಲ್ಲ, ಜುಲೈ ಮುಗಿಯುತ್ತಾ ಬಂದಿತ್ತು. ದೇವರ ದಯೆಯಿದ್ದರೆ ಮುಂದಿನ ವರ್ಷಕ್ಕೆ ಬಿತ್ತನೆ ಗೆಡ್ಡೆಯಾದರೂ ಉಳಿದೀತು ಎಂದು ಬರೆದಿದ್ದಾರೆ.